ಮೊದಲ ದೂರದ ಓಟ: ಹೊಸಬರು ತಿಳಿದಿರಬೇಕಾದ ಸಂಗತಿಗಳು

ಹನುಮಸಾಗರ: ಕುಷ್ಟಗಿ ತಾಲ್ಲೂಕಿನ ಹನುಮಸಾಗರದಂಥ ಹೋಬಳಿ ಊರುಗಳಲ್ಲಿ ಓಟವೆಂದರೆ ಬಹುಪಾಲು ನೌಕರಿಯ ಓಟವೇ. ನಸುಕಿನಲ್ಲಿ ಮೈದಾನಕ್ಕಿಳಿಯುವ ತರುಣರ ಕಣ್ಣು ಪೊಲೀಸ್ ಅಥವಾ ಸೇನೆಯ ನೇಮಕಾತಿಯ ಮೇಲಿರುತ್ತದೆ. ರಾಜ್ಯದ ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷ ಅಭ್ಯರ್ಥಿಗಳು 1,600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಕ್ರಮಿಸಬೇಕಾಗುತ್ತದೆ. ಅಲ್ಲಿ ಆರಂಭದಿಂದಲೇ ಬಿರುಸಾಗಿ ಓಡಿ ಕೊನೆಯವರೆಗೆ ಹಲ್ಲುಕಚ್ಚಿ ತಾಳಿಕೊಳ್ಳುವುದೇ ರೂಢಿ.

ಇದೇ ತರುಣರು ಮೊದಲ ಬಾರಿಗೆ 5 ಅಥವಾ 10 ಕಿ.ಮೀ. ಓಟದ ಸ್ಪರ್ಧೆಗೆ ಹೆಸರು ನೋಂದಾಯಿಸಿದಾಗ ಆ ರೂಢಿಯೇ ಅವರಿಗೆ ತೊಡಕಾಗುತ್ತದೆ. ನೇಮಕಾತಿ ಓಟದ ವೇಗವೆಂದರೆ ಒಂದು ಕಿ.ಮೀ.ಗೆ ಸುಮಾರು 4 ನಿಮಿಷ 4 ಸೆಕೆಂಡ್. ಅದೇ ವೇಗವನ್ನು ಉಳಿಸಿಕೊಂಡರೆ 10 ಕಿ.ಮೀ. ದೂರ 41 ನಿಮಿಷದೊಳಗೆ ಮುಗಿಯಬೇಕು. ವರ್ಷಗಟ್ಟಲೆ ಅಭ್ಯಾಸ ಮಾಡಿದ ಹವ್ಯಾಸಿ ಓಟಗಾರರಲ್ಲೂ ಅನೇಕರಿಗೆ ಇದು ನಿಲುಕದ ವೇಗ. ಹೀಗಾಗಿ ಹೊಸಬರು ಕಲಿಯಬೇಕಾದ ಮೊದಲ ಪಾಠ ವೇಗದ್ದಲ್ಲ, ಆರಂಭದ ಸಂಯಮದ್ದು.

ಬೆಳಗಾವಿಯಿಂದ ಆಂಟ್‌ವರ್ಪ್‌ವರೆಗೆ

ದೂರದ ಓಟ ಈ ನೆಲಕ್ಕೆ ಹೊಸತಲ್ಲ. 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ನಡೆದ ಒಲಿಂಪಿಕ್ಸ್‌ಗೆ ತೆರಳಿದ ಭಾರತದ ಪುಟ್ಟ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಅಲ್ಲಿನ ಮ್ಯಾರಥಾನ್ ಮಾರ್ಗ 42.75 ಕಿ.ಮೀ. ಇದ್ದು, ಇಂದಿನ ನಿಗದಿತ ದೂರಕ್ಕಿಂತ ಹೆಚ್ಚಿನದಾಗಿತ್ತು. ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ ಪೂರೈಸಿ 19ನೆಯವರಾದರು.

ಈ ತಂಡದ ಹಿಂದೆ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟವಿತ್ತು. ಸಂಸ್ಥೆಯ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಅಲ್ಲಿ ಕಂಡದ್ದು, ಬರಿಗಾಲಿನಲ್ಲಿ ಓಡುತ್ತಿದ್ದ ರೈತಾಪಿ ಯುವಕರನ್ನು. ಅವರ ಕಸುವಿನಲ್ಲಿ ಕೊರತೆಯಿರಲಿಲ್ಲ. ಸಂಘಟಿತ ಸ್ಪರ್ಧೆಯ ನಿಯಮಗಳ ಮತ್ತು ಕ್ರಮಬದ್ಧ ತರಬೇತಿಯ ಪರಿಚಯ ಇರಲಿಲ್ಲ. ಇಂದಿಗೂ ಹಳ್ಳಿಯಿಂದ ಮೊದಲ ಸ್ಪರ್ಧೆಗೆ ಹೋಗುವವರ ಸ್ಥಿತಿ ಇದಕ್ಕಿಂತ ಬಹಳ ಭಿನ್ನವಾಗಿಲ್ಲ.

ದೂರಗಳು, ಅವಕಾಶಗಳು

ಸಾರ್ವಜನಿಕ ಓಟಗಳು ಸಾಮಾನ್ಯವಾಗಿ ನಾಲ್ಕು ಬಗೆಯವು: 5 ಕಿ.ಮೀ., 10 ಕಿ.ಮೀ., ಅರ್ಧ ಮ್ಯಾರಥಾನ್ (21.1 ಕಿ.ಮೀ.) ಮತ್ತು ಪೂರ್ಣ ಮ್ಯಾರಥಾನ್ (42.195 ಕಿ.ಮೀ.). ಆಡುಮಾತಿನಲ್ಲಿ ಎಲ್ಲ ಓಟಗಳಿಗೂ ಮ್ಯಾರಥಾನ್ ಎನ್ನುವುದುಂಟು. ನೋಂದಣಿಗೆ ಮುನ್ನ ದೂರ ಎಷ್ಟೆಂಬುದನ್ನು ಖಚಿತಪಡಿಸಿಕೊಳ್ಳುವುದು ಒಳಿತು. ಹೊಸಬರಿಗೆ 5 ಕಿ.ಮೀ. ತಕ್ಕದ್ದು.

ಹನುಮಸಾಗರದ ಸುತ್ತಲಿನವರಿಗೆ ಹತ್ತಿರವೆನ್ನಬಹುದಾದ ದೊಡ್ಡ ಓಟ ವಿಜಯಪುರದ ವೃಕ್ಷಥಾನ್. ಗಿಡ ನೆಡುವ ಅಭಿಯಾನದೊಂದಿಗೆ ಬೆಸೆದುಕೊಂಡಿರುವ ಈ ಪಾರಂಪರಿಕ ಓಟದಲ್ಲಿ 5, 10 ಮತ್ತು 21 ಕಿ.ಮೀ. ವಿಭಾಗಗಳಿರುತ್ತವೆ, 2023 ಮತ್ತು 2024ರಲ್ಲಿ ಅದು ಡಿಸೆಂಬರ್ ತಿಂಗಳಲ್ಲಿ ನಡೆಯಿತು. ಕುಷ್ಟಗಿ, ಇಳಕಲ್ ಮೂಲಕ ಹಾದುಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯೇ ವಿಜಯಪುರಕ್ಕೂ ದಾರಿ. 2025ರ ಮಾರ್ಚ್‌ನಲ್ಲಿ ರಾಜ್ಯ ಪೊಲೀಸ್ ಇಲಾಖೆ ಜಿಲ್ಲಾ ಕೇಂದ್ರಗಳಲ್ಲಿ 5 ಕಿ.ಮೀ. ಓಟ ಏರ್ಪಡಿಸಿತ್ತು. ಬೆಂಗಳೂರಿನಲ್ಲಿ 2008ರ ಮೇ ತಿಂಗಳಲ್ಲಿ ಆರಂಭವಾದ ವರ್ಲ್ಡ್ 10ಕೆ ಓಟ ಅಂತರರಾಷ್ಟ್ರೀಯ ಓಟಗಾರರನ್ನೂ ಹವ್ಯಾಸಿಗಳನ್ನೂ ಒಂದೇ ಬೆಳಗಿನಲ್ಲಿ ಬೀದಿಗಿಳಿಸುತ್ತದೆ.

ಎಂಟು ವಾರಗಳ ಸಿದ್ಧತೆ

ದಸರೆಯ ಆಸುಪಾಸಿನಲ್ಲಿ ಅಭ್ಯಾಸ ಆರಂಭಿಸಿದರೆ ಡಿಸೆಂಬರ್ ಓಟಕ್ಕೆ ಸಾಕಷ್ಟು ಕಾಲಾವಕಾಶ ದೊರೆಯುತ್ತದೆ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು ಇರಬೇಕು. ಹೊಲದಲ್ಲಿ ದಿನವಿಡೀ ದುಡಿಯುವವರು ಆ ಶ್ರಮವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೊಯಿಲಿನ ಮರುದಿನ ಓಡುವುದಕ್ಕಿಂತ ವಿಶ್ರಾಂತಿಯೇ ಲೇಸು. ಓಟದ ಅಭ್ಯಾಸವೇ ಇಲ್ಲದವರಿಗೆ 5 ಕಿ.ಮೀ. ಗುರಿಗೆ ಈ ಕ್ರಮ ಹೊಂದುತ್ತದೆ:

1–2ನೇ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 8 ಬಾರಿ.
3–4ನೇ ವಾರ: 2 ನಿಮಿಷ ಓಟ, 2 ನಿಮಿಷ ನಡಿಗೆ, 7 ಬಾರಿ.
5–6ನೇ ವಾರ: 5 ನಿಮಿಷ ಓಟ, 2 ನಿಮಿಷ ನಡಿಗೆ, 4 ಬಾರಿ.
7ನೇ ವಾರ: 10 ನಿಮಿಷ ಓಟ, 2 ನಿಮಿಷ ನಡಿಗೆ, 3 ಬಾರಿ.
8ನೇ ವಾರ: ತಲಾ 15 ನಿಮಿಷದ ಎರಡು ಹಗುರ ಓಟ, ಎರಡು ದಿನ ವಿಶ್ರಾಂತಿ, ಬಳಿಕ ಸ್ಪರ್ಧೆ.

ಯಾವುದಾದರೂ ವಾರ ಕಷ್ಟವೆನಿಸಿದರೆ ಅದನ್ನೇ ಪುನರಾವರ್ತಿಸಬೇಕು. ಓಡುತ್ತಲೇ ಪಕ್ಕದವರೊಂದಿಗೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾದರೆ ಅದು ಸರಿಯಾದ ವೇಗ. ಒಂದೊಂದು ಪದಕ್ಕೂ ಏದುಸಿರು ಬಂದರೆ ವೇಗ ಹೆಚ್ಚಾಗಿದೆಯೆಂದೇ ಅರ್ಥ. ಇದಕ್ಕೆ ಗಡಿಯಾರವೂ ಬೇಡ, ಮೊಬೈಲೂ ಬೇಡ. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹುರುಪಾಗುತ್ತವೆ. ಸ್ನಾಯುರಜ್ಜು ಹಾಗೂ ಮೂಳೆಗಳು ಹೊಂದಿಕೊಳ್ಳಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಹುಮ್ಮಸ್ಸಿನಲ್ಲಿ ದೂರವನ್ನು ಒಮ್ಮೆಲೇ ಹೆಚ್ಚಿಸಿದವರಿಗೆ ಮೊಣಕಾಲು, ಮುಂಗಾಲಿನ ಮೂಳೆ ಮತ್ತು ಹಿಮ್ಮಡಿಯ ನೋವು ಕಾಡುವುದು ಇದೇ ಕಾರಣದಿಂದ.

ದೂರ ಅಳೆಯಲು ಶಾಲಾ ಮೈದಾನವೇ ಸಾಕು. 200 ಮೀಟರ್ ಸುತ್ತಳತೆಯ ಮೈದಾನದಲ್ಲಿ 25 ಸುತ್ತು ಹಾಕಿದರೆ 5 ಕಿ.ಮೀ. ಆಗುತ್ತದೆ. ಮೆತ್ತನೆಯ ಹೊಲದ ದಾರಿಯಲ್ಲಿ ಓಡುವುದು ಹಿತಕರ. ಮಳೆ ಬಿದ್ದ ಮೇಲೆ ಎರೆಮಣ್ಣು ಮೆಟ್ಟಿಗೆ ಅಂಟುವುದರಿಂದ ಆ ದಿನ ಬೇರೆ ದಾರಿ ಹುಡುಕಬೇಕು. ಮುಖ್ಯರಸ್ತೆಯಲ್ಲಿ ಓಡುವುದು ಅನಿವಾರ್ಯವಾದರೆ ಎದುರಿನಿಂದ ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ, ತಿಳಿಬಣ್ಣದ ಉಡುಪು ಧರಿಸಿ ಸಾಗಬೇಕು. ನಸುಕಿನಲ್ಲಿ ಇಬ್ಬರು ಮೂವರು ಜೊತೆಗೂಡುವುದು, ವಿಶೇಷವಾಗಿ ಮಹಿಳೆಯರಿಗೆ, ಧೈರ್ಯವನ್ನೂ ಕ್ರಮವನ್ನೂ ತಂದುಕೊಡುತ್ತದೆ. ಮಹಿಳೆಯರಿಗೆ ಒಲಿಂಪಿಕ್ಸ್ ಮ್ಯಾರಥಾನ್ ದೊರೆತದ್ದೇ 1984ರಲ್ಲಿ. ಇಂದು 5 ಮತ್ತು 10 ಕಿ.ಮೀ. ಓಟಗಳಲ್ಲಿ ಗೃಹಿಣಿಯರೂ ವಿದ್ಯಾರ್ಥಿನಿಯರೂ ಪಾಲ್ಗೊಳ್ಳುತ್ತಿದ್ದಾರೆ.

ಬೂಟು ದುಬಾರಿಯದೇ ಆಗಬೇಕೆಂದಿಲ್ಲ. ಹೆಬ್ಬೆರಳಿನ ಮುಂದೆ ಬೆರಳಗಲ ಜಾಗವಿದ್ದು, ಹಿಮ್ಮಡಿ ಜಾರದಿದ್ದರೆ ಸಾಕು. ಆದರೆ ಸ್ಪರ್ಧೆಯ ದಿನ ಹೊಸ ಬೂಟು ತೊಡುವುದು ಬೊಕ್ಕೆಗಳಿಗೆ ಆಹ್ವಾನ ಕೊಟ್ಟಂತೆ.

ಯಾರು ವೈದ್ಯರನ್ನು ಕಾಣಬೇಕು?

ನಲವತ್ತು ದಾಟಿ ಹೊಸದಾಗಿ ಓಟ ಆರಂಭಿಸುವವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಹೃದ್ರೋಗ ಇರುವವರು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತದ ಹಿನ್ನೆಲೆ ಇರುವವರು ಮೊದಲು ವೈದ್ಯರ ಸಲಹೆ ಪಡೆಯಬೇಕು. ಶ್ರಮಪಟ್ಟಾಗ ಎದೆ ಬಿಗಿಯುವುದು, ತಲೆ ಸುತ್ತುವುದು, ಪ್ರಜ್ಞೆ ತಪ್ಪುವುದು ಇವನ್ನು ವಯಸ್ಸು ಯಾವುದೇ ಇರಲಿ ಕಡೆಗಣಿಸುವಂತಿಲ್ಲ. ಜ್ವರ ಅಥವಾ ವಾಂತಿಭೇದಿ ಇದ್ದ ವಾರದಲ್ಲಿ ಸ್ಪರ್ಧೆಯಿಂದ ಹಿಂದೆ ಸರಿಯುವುದೇ ವಿವೇಕ. ಕಟ್ಟಿದ ಶುಲ್ಕ ಜೀವಕ್ಕಿಂತ ದೊಡ್ಡದಲ್ಲ.

ನೋಂದಣಿ, ಬಿಬ್ ಮತ್ತು ಚಿಪ್

ಬಹುತೇಕ ಓಟಗಳ ನೋಂದಣಿ ಅಂತರ್ಜಾಲದ ಮೂಲಕ ನಡೆಯುತ್ತದೆ. ವಯೋಮಿತಿ, ಶುಲ್ಕ, ಕೊನೆಯ ದಿನಾಂಕಗಳನ್ನು ಓದಿಕೊಂಡು, ಆಪತ್ತಿನಲ್ಲಿ ಸಂಪರ್ಕಿಸಬೇಕಾದವರ ಮೊಬೈಲ್ ಸಂಖ್ಯೆಯನ್ನು ತಪ್ಪದೆ ನೀಡಬೇಕು. ದೊಡ್ಡ ಓಟಗಳಲ್ಲಿ ಎದೆಯ ಮೇಲೆ ಧರಿಸುವ ಸಂಖ್ಯಾಪಟ್ಟಿ, ಅಂದರೆ ಬಿಬ್, ಸಾಮಾನ್ಯವಾಗಿ ಸ್ಪರ್ಧೆಗೆ ಮುಂಚಿನ ದಿನಗಳಲ್ಲೇ ಗುರುತಿನ ಚೀಟಿ ತೋರಿಸಿದವರಿಗೆ ದೊರೆಯುತ್ತದೆ. ಆದ್ದರಿಂದ ದೂರದ ಊರಿನವರು ಒಂದು ದಿನ ಮೊದಲೇ ತಲುಪುವ ಏರ್ಪಾಡು ಮಾಡಿಕೊಳ್ಳಬೇಕಾಗುತ್ತದೆ. ಒಬ್ಬರ ಬಿಬ್ ಇನ್ನೊಬ್ಬರು ಧರಿಸುವುದು ನಿಯಮಬಾಹಿರವಷ್ಟೇ ಅಲ್ಲ, ಅಪಾಯಕಾರಿ ಕೂಡ: ಓಟಗಾರ ಕುಸಿದು ಬಿದ್ದಾಗ ವೈದ್ಯರಿಗೂ ಮನೆಯವರಿಗೂ ತಪ್ಪು ಮಾಹಿತಿ ತಲುಪುತ್ತದೆ.

ಬಿಬ್‌ನ ಹಿಂಬದಿಯಲ್ಲಿ ಪುಟ್ಟ ಚಿಪ್ ಅಂಟಿಸಿರಬಹುದು. ಓಟಗಾರ ಆರಂಭದ ಗೆರೆಯಲ್ಲಿ ಹಾಸಿದ ಚಾಪೆಯನ್ನು ದಾಟಿದಾಗ ಅವನ ಸಮಯ ಎಣಿಕೆಯಾಗತೊಡಗಿ, ಅಂತಿಮ ಗೆರೆಯ ಚಾಪೆಯ ಮೇಲೆ ನಿಲ್ಲುತ್ತದೆ. ಹೀಗಾಗಿ ಹವ್ಯಾಸಿಗಳು ಜನಜಂಗುಳಿಯ ಮುಂದೆ ನಿಲ್ಲಲು ನೂಕಾಡುವ ಅಗತ್ಯವೇ ಇಲ್ಲ. ಹೊಸಬರು ಹಿಂದಿನ ಸಾಲಿನಲ್ಲಿ ನಿಂತರೆ ವೇಗದ ಓಟಗಾರರ ಸೆಳೆತಕ್ಕೂ ಸಿಲುಕುವುದಿಲ್ಲ.

ಊಟ ಮತ್ತು ನೀರು

ಓಟದ ಹಿಂದಿನ ರಾತ್ರಿ ಹೊಸ ರುಚಿಗಳ ಪ್ರಯೋಗ ಸಲ್ಲದು. ಮಿರ್ಚಿ ಭಜಿ, ಗಿರ್ಮಿಟ್, ಖಾರದ ಪಲ್ಯ, ಅತಿಯಾದ ಕಾಳು ಹೊಟ್ಟೆಯನ್ನು ಕೆಡಿಸಬಹುದು. ಅನ್ನ, ತಿಳಿಸಾರು, ಮಜ್ಜಿಗೆಯ ಸರಳ ಊಟ ಸಾಕು. ಬೆಳಿಗ್ಗೆ ಓಟಕ್ಕೆ ಒಂದೂವರೆ, ಎರಡು ಗಂಟೆ ಮೊದಲು ಬಾಳೆಹಣ್ಣು ಅಥವಾ ಸ್ವಲ್ಪ ಅವಲಕ್ಕಿ ತಿನ್ನಬಹುದು. ಯಾವುದನ್ನು ತಿಂದರೂ ಅದನ್ನು ಅಭ್ಯಾಸದ ದಿನಗಳಲ್ಲೇ ತಿಂದು ನೋಡಿರಬೇಕು.

ನೀರಿನ ವಿಷಯದಲ್ಲಿ ಎರಡು ತಪ್ಪುಗಳಿವೆ. ಒಂದು, ಏನನ್ನೂ ಕುಡಿಯದಿರುವುದು. ಇನ್ನೊಂದು, ಬಾಯಾರಿಕೆ ಇಲ್ಲದಿದ್ದರೂ ಪ್ರತಿ ನೀರಿನ ಕೇಂದ್ರದಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದು. ಅತಿಯಾದ ನೀರು ರಕ್ತದಲ್ಲಿನ ಸೋಡಿಯಂ ಪ್ರಮಾಣವನ್ನು ತಗ್ಗಿಸುತ್ತದೆ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ರಕ್ತಪರೀಕ್ಷೆಗೆ ಒಳಪಟ್ಟ 488 ಓಟಗಾರರ ಪೈಕಿ ಶೇ 13ರಷ್ಟು ಮಂದಿಯಲ್ಲಿ ಈ ಕೊರತೆ ಕಂಡುಬಂದಿತ್ತು. 5 ಕಿ.ಮೀ. ಓಟಕ್ಕೆ ಬಾಯಾರಿದಾಗ ಒಂದೆರಡು ಗುಟುಕು ಸಾಕು. ದೀರ್ಘ ಅಭ್ಯಾಸದ ನಂತರ ಉಪ್ಪು ಬೆರೆಸಿದ ಮಜ್ಜಿಗೆ ಅಥವಾ ಲಿಂಬೆ ಪಾನಕ ಒಳ್ಳೆಯದು.

ಬಿಸಿಲು ಈ ಭಾಗದ ದೊಡ್ಡ ಸವಾಲು. ಮಾರ್ಚ್‌ನಿಂದ ಮೇ ವರೆಗೆ ಸೂರ್ಯ ಮೇಲೇರುವ ಮುನ್ನವೇ ಅಭ್ಯಾಸ ಮುಗಿಸಬೇಕು. ಸೆಕೆಯಲ್ಲಿ ಓಡುವವರ ಮಾತು ತೊದಲಿದರೆ, ನಡೆ ತಡವರಿಸಿದರೆ, ಗೊಂದಲ ಕಂಡರೆ ಅದು ಶಾಖಾಘಾತದ ಲಕ್ಷಣ. ಕೂಡಲೇ ನೆರಳಿಗೆ ಕರೆದೊಯ್ದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತ 108 ಆಂಬುಲೆನ್ಸ್‌ಗೆ ಕರೆ ಮಾಡಬೇಕು. ಆಂಬುಲೆನ್ಸ್ ಬರಲೆಂದು ಕಾಯುತ್ತ ತಂಪು ಮಾಡುವುದನ್ನು ತಡಮಾಡಬಾರದು.

ಸ್ಪರ್ಧೆಯ ಬೆಳಗು

ಆರಂಭಕ್ಕೆ ಒಂದು ಗಂಟೆ ಮೊದಲು ಸ್ಥಳದಲ್ಲಿರುವುದು ಉತ್ತಮ. ಶೌಚಾಲಯಗಳ ಮುಂದಿನ ಸಾಲು, ಸಾಮಾನು ಇರಿಸುವ ಕೇಂದ್ರ, ಆರಂಭದ ಗೆರೆಗೆ ನಡಿಗೆ ಇವೆಲ್ಲ ನಿರೀಕ್ಷೆಗಿಂತ ಹೆಚ್ಚು ಹೊತ್ತು ಹಿಡಿಯುತ್ತವೆ. ಹತ್ತು ನಿಮಿಷ ಚುರುಕಾಗಿ ನಡೆದು ಮೈ ಬೆಚ್ಚಗೆ ಮಾಡಿಕೊಂಡರೆ ಸಾಕು.

ಡೊಳ್ಳು, ಧ್ವನಿವರ್ಧಕ, ಸಾವಿರಾರು ಕಾಲುಗಳ ಸದ್ದಿನ ನಡುವೆ ಮೊದಲ ಕಿ.ಮೀ. ಹಗುರವೆನಿಸುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ಒಂದು ಕಿ.ಮೀ.ಗೆ 7 ನಿಮಿಷದಂತೆ ಅಭ್ಯಾಸ ಮಾಡಿದವರು 5 ನಿಮಿಷದ ವೇಗದಲ್ಲಿ ಹೊರಟರೆ ಮೂರನೆಯ ಕಿ.ಮೀ. ಹೊತ್ತಿಗೆ ಕಾಲು ಭಾರವಾಗಿ, ಉಳಿದ ದೂರ ತೆವಳುವಂತಾಗುತ್ತದೆ. ಮೊದಲ ಕಿ.ಮೀ.ಯನ್ನು ಅಭ್ಯಾಸದ ವೇಗಕ್ಕಿಂತ ತುಸು ನಿಧಾನವಾಗಿ, ನಂತರದ ಮೂರನ್ನು ಅಭ್ಯಾಸದ ವೇಗದಲ್ಲಿ ಓಡಿ, ಕಸುವು ಉಳಿದಿದ್ದರೆ ಮಾತ್ರ ಕೊನೆಯದನ್ನು ಬಿರುಸಾಗಿಸಬೇಕು. ಈ ಲೆಕ್ಕದಲ್ಲಿ 5 ಕಿ.ಮೀ. ಸುಮಾರು 35 ನಿಮಿಷದಲ್ಲಿ ಮುಗಿಯುತ್ತದೆ. ನಡುವೆ ನಡೆಯುವುದು ಅಪಮಾನವಲ್ಲ. ನಡೆಯುವವರು ರಸ್ತೆಯ ಅಂಚಿಗೆ ಸರಿದು ಹಿಂದಿನವರಿಗೆ ದಾರಿ ಬಿಡುವುದು ಸೌಜನ್ಯ.

ಅಂತಿಮ ಗೆರೆ ದಾಟಿದ ಕೂಡಲೇ ಕುಳಿತುಬಿಡಬಾರದು. ಐದಾರು ನಿಮಿಷ ನಡೆದು ಉಸಿರು ಹತೋಟಿಗೆ ಬಂದ ಮೇಲೆ ನೀರು, ಉಪಾಹಾರ ಸೇವಿಸಬೇಕು. ಮರುದಿನ, ಅದರ ಮರುದಿನ ತೊಡೆ, ಮೀನಖಂಡ ನೋಯುವುದು ಸಹಜ. ಲಘು ನಡಿಗೆಯಿಂದ ಅದು ಸಡಿಲಗೊಳ್ಳುತ್ತದೆ. ಒಂದೇ ಕಡೆ ಚುಚ್ಚುವ, ದಿನಕಳೆದಂತೆ ಹೆಚ್ಚುವ ನೋವಿದ್ದರೆ ವೈದ್ಯರಿಗೆ ತೋರಿಸಬೇಕು. 10 ಕಿ.ಮೀ. ಗುರಿ ಇಟ್ಟುಕೊಳ್ಳುವವರು ಇನ್ನೂ ಆರರಿಂದ ಎಂಟು ವಾರಗಳನ್ನು ಅಭ್ಯಾಸಕ್ಕೆ ಮೀಸಲಿಡುವುದು ಒಳಿತು.

ನೇಮಕಾತಿ ಓಟದಲ್ಲಿ ಕಾಲಮಿತಿ ಮೀರಿದವರು ಬರಿಗೈಯಲ್ಲಿ ಮರಳುತ್ತಾರೆ. ಸಾರ್ವಜನಿಕ ಓಟದಲ್ಲಿ ಕೊನೆಯವರಿಗೂ ಚಪ್ಪಾಳೆ ಇರುತ್ತದೆ. ಆದರೂ ಹೊಸಬರು ತಮ್ಮನ್ನು ಅಳೆದುಕೊಳ್ಳಲು ಒಂದು ಸರಳ ಅಳತೆಯಿದೆ: ದೂರದ ದ್ವಿತೀಯಾರ್ಧಕ್ಕೆ ತಗಲಿದ ಸಮಯ ಪ್ರಥಮಾರ್ಧಕ್ಕಿಂತ ಹೆಚ್ಚಾಗದಿದ್ದರೆ, ದೂರದ ಓಟದ ಮೊದಲ ಪಾಠ ಕೈವಶವಾಯಿತೆಂದೇ ತಿಳಿಯಬಹುದು.