ಬೇಸಿಗೆಯ ಹಿತ್ತಲ ತೋಟ: ದುದ್ದ ಮತ್ತು ಮಂಡ್ಯ ಸೀಮೆ

ಫೆಬ್ರುವರಿ ಕೊನೆಯಿಂದ ಮುಂಗಾರು ಹಿಡಿಯುವವರೆಗೆ ಮನೆಯ ಹಿಂದೆ, ಬಚ್ಚಲ ಪಕ್ಕದಲ್ಲಿ, ನಲ್ಲಿಯ ಸುತ್ತಮುತ್ತ ಸೊಪ್ಪು, ತರಕಾರಿ, ಹೂಗಿಡಗಳನ್ನು ಕಡಿಮೆ ನೀರಿನಲ್ಲಿ ಉಳಿಸಿಕೊಳ್ಳುವ ಬೇಸಾಯವೇ ಬೇಸಿಗೆಯ ಹಿತ್ತಲ ತೋಟ. ಮಂಡ್ಯ ತಾಲ್ಲೂಕಿನ ಹೋಬಳಿ ಕೇಂದ್ರವಾದ ದುದ್ದದಲ್ಲೂ ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲೂ ಇದರ ಹೆಚ್ಚಿನ ಕೆಲಸ ಹೆಂಗಸರದು. ಗದ್ದೆ ನಾಲೆಯ ನೀರು ನೋಡಿಕೊಂಡು ನಡೆಯುತ್ತದೆ. ಹಿತ್ತಲು ಅಡುಗೆಮನೆ ನೋಡಿಕೊಂಡು ನಡೆಯುತ್ತದೆ. ಮುದ್ದೆಯ ಜೊತೆಗೆ ಬಸ್ಸಾರು, ಉಪ್ಸಾರು, ಮಸ್ಸೊಪ್ಪು ಆಗಬೇಕಾದರೆ ಏಪ್ರಿಲ್‌ನಲ್ಲೂ ಒಂದು ಹಿಡಿ ಸೊಪ್ಪು ಕೈಗೆ ಸಿಗಬೇಕು.

ಮಳೆ ಮತ್ತು ಮಣ್ಣು

ಮಂಡ್ಯ ಜಿಲ್ಲೆಗೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಬೀಳುತ್ತದೆ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದು. ಅದಕ್ಕೆ ಮೊದಲು ಮೇ ತಿಂಗಳಲ್ಲಿ ಗುಡುಗು ಸಹಿತ ಮಳೆಯ ಒಂದು ಸರದಿ ಬಂದು ಹೋಗುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಹನಿ ಬೀಳುವುದೇ ಅಪರೂಪ. ಇಲ್ಲಿನ ಕೆಂಪು ಮರಳುಗೋಡು ಮಣ್ಣು ನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಒಣಗುತ್ತದೆ.

ಕೃಷ್ಣರಾಜಸಾಗರವೂ ವಿಶ್ವೇಶ್ವರಯ್ಯ ನಾಲೆಯೂ ಇರುವ ಜಿಲ್ಲೆಗೆ ನೀರಿನ ಬರವೇ ಎಂದು ಹೊರಗಿನವರು ಕೇಳುವುದುಂಟು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮರುವರ್ಷದ ಬೇಸಿಗೆಯಲ್ಲಿ 124.80 ಅಡಿ ಎತ್ತರದ ಜಲಾಶಯದ ಮಟ್ಟ 90 ಅಡಿಗಿಂತ ಕೆಳಗಿಳಿಯಿತು. ಅಂಥ ವರ್ಷದಲ್ಲಿ ಕುಡಿಯುವ ನೀರೇ ಮೊದಲ ಚಿಂತೆ. ಗಿಡಕ್ಕೆ ಉಳಿಯುವುದು ಮನೆಯಲ್ಲಿ ಒಮ್ಮೆ ಬಳಸಿ ಚೆಲ್ಲುವ ನೀರು.

ನೀರಿನ ಲೆಕ್ಕ

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ನೀರು ನಿಂತರೆ ಅದು ಒಂದು ಲೀಟರ್. ಬಿಸಿಲು ಬಲಿತ ದಿನಗಳಲ್ಲಿ ತೆರೆದ ಮಡಿಯಿಂದ ದಿನಕ್ಕೆ 5 ಮಿ.ಮೀ. ಆರಿಹೋಗುತ್ತದೆಂದು ಹಿಡಿದರೆ, 20 ಚದರ ಮೀಟರ್ ಹಿತ್ತಲಿಗೆ 100 ಲೀಟರ್ ಬೇಕು. ನೆಲವನ್ನು ಮುಚ್ಚಿ ನೆರಳು ಕೊಟ್ಟರೆ ಈ ಲೆಕ್ಕ ಎಷ್ಟೋ ಕೆಳಗಿಳಿಯುತ್ತದೆ. ಬೇಸಿಗೆಯ ತೋಟಗಾರಿಕೆಯಲ್ಲಿ ಗೆಲ್ಲುವುದು ಕೊಡ ಕೊಡ ಸುರಿದವರಲ್ಲ, ಸುರಿದ ನೀರನ್ನು ಬೇರಿನ ಬಳಿ ನಿಲ್ಲಿಸಿಕೊಂಡವರು.

ಪಾತ್ರೆ, ಅಕ್ಕಿ, ತರಕಾರಿ ತೊಳೆದ ನೀರನ್ನು ನೇರವಾಗಿ ಗಿಡಕ್ಕೆ ಹಾಕಬಹುದು, ಅದರಲ್ಲಿ ಸೋಪು ಇರಬಾರದು ಅಷ್ಟೆ. ಬಟ್ಟೆ ಒಗೆದ ನೀರಿನಲ್ಲಿ ಸೋಡಿಯಂ ಲವಣ ಹೆಚ್ಚು; ಪದೇ ಪದೇ ಹಾಕಿದರೆ ಮಣ್ಣು ಗಟ್ಟಿಯಾಗುತ್ತದೆ. ಬಚ್ಚಲ ನೀರನ್ನು ಬಾಳೆ, ತೆಂಗು, ಕರಿಬೇವಿನ ಪಾತಿಗೆ ತಿರುಗಿಸಿ, ಹಸಿಯಾಗಿ ತಿನ್ನುವ ಸೊಪ್ಪಿನಿಂದ ದೂರವಿಡುವುದು ಸರಿಯಾದ ಕ್ರಮ. ಉದ್ಯೋಗ ಖಾತ್ರಿ ಯೋಜನೆಯಲ್ಲಿ ಹಳ್ಳಿಗಳಲ್ಲಿ ತೋಡಿಸಿದ ಬಚ್ಚಲು ಗುಂಡಿಗಳ ಅಂಚಿನಲ್ಲಿ ಬಾಳೆ, ನುಗ್ಗೆ ನೆಟ್ಟರೆ ಇಂಗಿದ ತೇವವೂ ವ್ಯರ್ಥವಾಗದು.

ಮಡಕೆ ನೀರಾವರಿ ಇನ್ನೊಂದು ಹಳೆಯ ಉಪಾಯ. ಮೆರುಗು ಕೊಡದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿ, ಸುತ್ತ ಸೋರೆ, ಹೀರೆ ಅಥವಾ ಸೌತೆ ಬೀಜ ಊರುತ್ತಾರೆ. ಮಣ್ಣು ಒಣಗಿದಷ್ಟೂ ಮಡಕೆ ಒಸರುತ್ತದೆ. ಮಣ್ಣು ಒದ್ದೆಯಾದಾಗ ಒಸರು ತಗ್ಗುತ್ತದೆ. ಕ್ರಿ.ಪೂ. ಮೊದಲ ಶತಮಾನದ ಚೀನೀ ಕೃಷಿ ಲೇಖಕ ಫಾನ್ ಷೆಂಗ್‌ಝಿ ಕೂಡ ಕರಬೂಜ ಬೆಳೆಯಲು ಈ ಕ್ರಮವನ್ನು ವಿವರಿಸಿದ್ದಾನೆ.

ಮುಚ್ಚಿಗೆ, ನೆರಳು, ಮಡಿ

ಕಬ್ಬಿನ ಸೀಮೆಗೆ ಇಲ್ಲಿ ಒಂದು ಅನುಕೂಲವಿದೆ. ಕಟಾವಾದ ಗದ್ದೆಯಲ್ಲಿ ಬೆಂಕಿ ಹಚ್ಚಿ ಸುಡುವ ಕಬ್ಬಿನ ತರಗು ಹಿತ್ತಲಿಗೆ ಒಳ್ಳೆಯ ಮುಚ್ಚಿಗೆ. ಮೂರು, ನಾಲ್ಕು ಬೆರಳು ದಪ್ಪಕ್ಕೆ ಹರಡಿದರೆ ಮಣ್ಣಿನ ಕಾವು ಇಳಿಯುತ್ತದೆ, ಕಳೆ ಏಳುವುದಿಲ್ಲ, ಗೆದ್ದಲು ಹತ್ತದಂತೆ ನೋಡಿಕೊಂಡರೆ ಮಳೆಗಾಲದ ಹೊತ್ತಿಗೆ ಗೊಬ್ಬರವೂ ಆಗುತ್ತದೆ. ಭತ್ತದ ಹುಲ್ಲು, ತೆಂಗಿನ ನಾರು, ಒಣಗಿದ ಎಲೆಯೂ ನಡೆಯುತ್ತವೆ. ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಬೇಕು.

ಮಳೆಗಾಲದಲ್ಲಿ ಮಡಿ ನೆಲದಿಂದ ಎತ್ತರವಿರಬೇಕು, ಬೇಸಿಗೆಯಲ್ಲಿ ನೆಲಕ್ಕಿಂತ ತುಸು ತಗ್ಗಿನಲ್ಲಿರಬೇಕು. ನೀರು ಕೊಡುವುದು ಬೆಳಗಿನ ಜಾವಕ್ಕೆ ಲೇಸು. ದಿನವೂ ಮೇಲ್ಮೇಲೆ ಚಿಮುಕಿಸಿದರೆ ಬೇರು ಮೇಲೆಯೇ ಉಳಿದು ಬಿಸಿಲಿಗೆ ಸಿಕ್ಕುತ್ತದೆ. ಎರಡು, ಮೂರು ದಿನಕ್ಕೊಮ್ಮೆ ಆಳಕ್ಕಿಳಿಯುವಂತೆ ಕೊಟ್ಟರೆ ಬೇರೂ ಆಳಕ್ಕೆ ಹೋಗುತ್ತದೆ. ಮಧ್ಯಾಹ್ನದ ಪಡುವಣ ಬಿಸಿಲಿಗೆ ತೆಂಗಿನ ಗರಿಯ ತಡಿಕೆ ಅಥವಾ ಶೇ 50ರ ನೆರಳು ಪರದೆ ಸಾಕು.

ತರಕಾರಿ ಮತ್ತು ಸೊಪ್ಪು

ಬಿಸಿಲು ತಡೆಯುವವು ಬೆಂಡೆ, ಗೋರಿಕಾಯಿ, ತಡಗುಣಿ, ಬದನೆ, ದಂಟು, ಬಸಳೆ, ನುಗ್ಗೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ಅನಾಮಿಕಾ ಬೆಂಡೆಯನ್ನು ಹಳದಿ ನರ ರೋಗ ತಡೆಯುವ ಗುಣಕ್ಕಾಗಿಯೇ ರೂಪಿಸಲಾಯಿತು. ಬಿಳಿನೊಣ ಹರಡುವ ಈ ರೋಗ ಬೇಸಿಗೆಯಲ್ಲಿ ಹೆಚ್ಚು. ಟೊಮ್ಯಾಟೊ ಹೂ ಬಿಟ್ಟೂ ಕಾಯಿ ಕಚ್ಚದಿದ್ದರೆ ಗೊಬ್ಬರವನ್ನು ದೂರಬೇಕಿಲ್ಲ: ಹಗಲಿನ ಉಷ್ಣತೆ 35 ಡಿಗ್ರಿ ದಾಟಿ ರಾತ್ರಿಯೂ ಸೆಕೆಯಿದ್ದರೆ ಪರಾಗ ದುರ್ಬಲವಾಗಿ ಹೂ ಉದುರುತ್ತದೆ. ಸೋರೆ, ಹೀರೆ ಬಳ್ಳಿಗಳಲ್ಲಿ ಕಾವು ಹೆಚ್ಚಾದಂತೆ ಗಂಡು ಹೂವೇ ಹೆಚ್ಚುತ್ತದೆ. ಒಂದು ದಿನ ನೆನೆಸಿ ನಾಲ್ಕು ದಿನ ಒಣಗಿಸಿದರೆ ಟೊಮ್ಯಾಟೊ ತುದಿ ಕಪ್ಪಾಗಿ ಕೊಳೆಯುತ್ತದೆ. ನೀರು ಏರುಪೇರಾದಾಗ ಕಾಯಿಗೆ ಸುಣ್ಣದಂಶ ತಲುಪದಿರುವುದೇ ಕಾರಣ.

ಒಣ ಹವೆಯಲ್ಲಿ ನುಸಿ, ಥ್ರಿಪ್ಸ್ ಬೇಗ ಹೆಚ್ಚಿ ಮೆಣಸಿನ ಗಿಡದ ಎಲೆ ಮುರುಟುತ್ತದೆ. ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜ ಕುಟ್ಟಿ, ರಾತ್ರಿ ನೆನೆಸಿ ಸೋಸಿದ ಕಷಾಯವನ್ನು ಸಂಜೆ ಎಲೆಯಡಿಗೆ ತಗಲುವಂತೆ ಸಿಂಪಡಿಸುವುದು ಮನೆಮಟ್ಟಿನ ಉಪಾಯ. ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇಂಥ ತೊಂದರೆಗಳಿಗೆ ಸಲಹೆ ಪಡೆಯಬಹುದು.

ಹೂಗಿಡಗಳು

ಮಲ್ಲಿಗೆಗೆ ಬೇಸಿಗೆಯೇ ಸುಗ್ಗಿ. ಚಳಿಗಾಲದಲ್ಲಿ ಸವರಿ, ಗೊಬ್ಬರ ಕೊಟ್ಟ ಗಿಡ ಮಾರ್ಚ್‌ನಿಂದ ಮೊಗ್ಗು ತುಂಬುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮೈಸೂರು ಮಲ್ಲಿಗೆ ಈ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲೂ ಬೆಳೆಯುತ್ತದೆ. ಕನಕಾಂಬರಕ್ಕೆ ನುಗ್ಗೆ, ಕರಿಬೇವಿನ ಅರೆನೆರಳು ಹಿತ. ದಾಸವಾಳ, ಕಣಗಿಲೆ ಒಮ್ಮೆ ಬೇರೂರಿದರೆ ಹೆಚ್ಚು ಬೇಡವು. ಹಗಲು ಕಿರಿದಾದಾಗಲೇ ಹೂಬಿಡುವ ಸೇವಂತಿಗೆಯಿಂದ ಬೇಸಿಗೆಯಲ್ಲಿ ಹೂ ನಿರೀಕ್ಷಿಸದೆ, ತಾಯಿಗಿಡವನ್ನು ನೆರಳಲ್ಲಿ ಉಳಿಸಿಕೊಂಡು ಮಳೆಗಾಲಕ್ಕೆ ಅದರ ಮರಿಗಳನ್ನು ನೆಡಬೇಕು.

ಮಳೆಗೆ ಮುನ್ನ

ಏಪ್ರಿಲ್ ಕೊನೆಗೆ ಭರಣಿ, ಮೇ ನಡುವಿಗೆ ಕೃತ್ತಿಕೆ ಮಳೆ ಶುರುವಾಗುವ ಲೆಕ್ಕ. ಆ ಹೊತ್ತಿಗೆ ಬಡಕಲಾದ ಬದನೆ ಗಿಡವನ್ನು ಮೊಳಕಾಲೆತ್ತರಕ್ಕೆ ಸವರಿ ಕೊಟ್ಟಿಗೆ ಗೊಬ್ಬರ ಕೊಟ್ಟರೆ ಕೂಳೆ ಚಿಗುರಿ ಮತ್ತೆ ಕಾಯಿ ಬಿಡುತ್ತದೆ. ಕರಗದೆ ಉಳಿದ ತರಗನ್ನು ಮಣ್ಣಿಗೆ ಸೇರಿಸಿ, ತಗ್ಗು ಮಡಿಗೆ ನೀರು ಹೊರಹೋಗುವ ದಾರಿ ಬಿಡಿಸಬೇಕು. ಚಾವಣಿಯ ದೋಣಿ, ಕೊಳವೆಗಳನ್ನು ಗುಡಿಸಿ ತೊಟ್ಟಿಗೆ ಜೋಡಿಸುವುದಕ್ಕೂ ಇದೇ ಸಮಯ. 50 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 35,000 ಲೀಟರ್ ಮಳೆ ಬೀಳುತ್ತದೆ. ಅದರಲ್ಲಿ 2,000 ಲೀಟರ್ ಹಿಡಿಯುವ ತೊಟ್ಟಿ ಒಂದಿದ್ದು, ಹಿಂಗಾರಿನ ಕೊನೆಯ ಮಳೆಗೆ ಅದು ತುಂಬಿಕೊಂಡರೆ, ದಿನಕ್ಕೆರಡು ಬಿಂದಿಗೆಯಂತೆ ಎರಡು ತಿಂಗಳಿಗೂ ಮೀರಿ ಮಡಕೆಗಳಿಗೆ ನೀರಾಗುತ್ತದೆ.