ಕಾಡಿನಲ್ಲಿ ಕಳ್ಳ, ಜೈಲಿನಲ್ಲಿ ಊರು

ಊರಿಗೆ ಕಳ್ಳಕಾಕರ ಭಯ ಬಂದಾಗ ಜನ ಮೊದಲು ಕೇಳುವುದು ರಕ್ಷಣೆಯನ್ನು, ಕಾನೂನು ಕಟ್ಟಳೆಯ ಮಾತೆಲ್ಲ ಆಮೇಲೆ. 'ಅವನನ್ನು ಹಿಡಿಯಿರಿ ಸಾಕು, ಹೇಗೆ ಹಿಡಿದಿರೆಂದು ನಾವು ಕೇಳುವುದಿಲ್ಲ' ಎನ್ನುವುದು ಸರಕಾರಕ್ಕೆ ಖಾಲಿ ಕಾಗದದ ಮೇಲೆ ಸಹಿ ಹಾಕಿಕೊಟ್ಟಂತೆ. ಆ ಕಾಗದದಲ್ಲಿ ಕೊನೆಗೆ ಯಾರ ಹೆಸರು ಬರೆಯಲಾಗುತ್ತದೆ ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ನಮ್ಮದೇ ರಾಜ್ಯದ ದಕ್ಷಿಣದ ಗಡಿಯಲ್ಲಿ, ವೀರಪ್ಪನ್ ಬದುಕಿದ್ದ ಕಾಲದಲ್ಲಿ, ಈ ವ್ಯವಹಾರ ನಡೆದುಹೋಗಿದೆ.

ಭಯ ಸುಳ್ಳಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಗೋಪಿನಾಥಂನಲ್ಲಿ ಹುಟ್ಟಿ, ಆನೆದಂತ ಮತ್ತು ಗಂಧದ ಕಳ್ಳಸಾಗಣೆಯಲ್ಲಿ ಬೆಳೆದ ಈ ಮನುಷ್ಯ ನೂರಕ್ಕೂ ಹೆಚ್ಚು ಜನರ ಸಾವಿಗೆ ಕಾರಣನಾದ. ಶರಣಾಗುತ್ತೇನೆಂದು ನಂಬಿಸಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಕರೆಸಿಕೊಂಡು 1991ರ ನವೆಂಬರ್‌ನಲ್ಲಿ ಕೊಂದ. 1992ರ ಆಗಸ್ಟ್ 14ರಂದು ಮಿಣ್ಯಂ ಬಳಿ ಹೊಂಚುಹಾಕಿ ಮೈಸೂರಿನ ಪೊಲೀಸ್ ವರಿಷ್ಠಾಧಿಕಾರಿ ಟಿ. ಹರಿಕೃಷ್ಣ ಮತ್ತು ತರುಣ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ಪ್ರಾಣ ತೆಗೆದ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ಸಿಡಿಸಿದ ನೆಲಬಾಂಬಿಗೆ 22 ಮಂದಿ ಬಲಿಯಾದರು. ಕಾಡಂಚಿನ ಊರುಗಳಲ್ಲಿ ಅವನ ವಿರುದ್ಧ ಸಾಕ್ಷಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮಾಮೂಲಿ ಕಾನೂನಿನಿಂದ ಇವನನ್ನು ಮಟ್ಟಹಾಕಲಾಗದು ಎಂದು ಸರಕಾರಕ್ಕೆ ಅನ್ನಿಸಿದ್ದು ಸಹಜವೇ.

ಕೈಗೆ ಸಿದ್ಧವಾಗಿದ್ದದ್ದು ಟಾಡಾ. ಪಂಜಾಬಿನ ಉಗ್ರವಾದವನ್ನು ಕಣ್ಣಮುಂದಿಟ್ಟುಕೊಂಡು 1985ರಲ್ಲಿ ಎರಡು ವರ್ಷದ ಮಟ್ಟಿಗೆಂದು ತಂದು, 1987ರಲ್ಲಿ ಹೊಸದಾಗಿ ಬರೆದ ಕಾಯಿದೆ ಅದು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವೆಂದು ಒಪ್ಪಬಾರದು ಎಂದು ಬ್ರಿಟಿಷರು 1872ರ ಸಾಕ್ಷ್ಯ ಕಾಯಿದೆಯಲ್ಲೇ ಬರೆದಿದ್ದರು. ಹೊಡೆದರೆ ಕಲ್ಲೂ ಮಾತಾಡುತ್ತದೆ ಎಂಬುದು ಅವರಿಗೂ ಗೊತ್ತಿತ್ತು. ಸ್ವತಂತ್ರ ಭಾರತದ ಟಾಡಾ ಆ ತಡೆಯನ್ನು ತೆಗೆದುಹಾಕಿತು. ಎಸ್.ಪಿ. ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ಸಾಕ್ಷ್ಯವಾಯಿತು. ಆರೋಪಪಟ್ಟಿ ಸಲ್ಲಿಸಲು ಸಿಗುವ ಅವಧಿ ಹಿಗ್ಗಿತು. ಆರೋಪಿ ತಪ್ಪಿತಸ್ಥನಲ್ಲವೆಂದು ನ್ಯಾಯಾಧೀಶರಿಗೆ ಮೊದಲೇ ಮನವರಿಕೆಯಾಗದೆ ಜಾಮೀನು ಇಲ್ಲವಾಯಿತು. 1994ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕರ್ತಾರ್ ಸಿಂಗ್ ಪ್ರಕರಣದಲ್ಲಿ ಬಹುಮತದಿಂದ ಈ ಕಾಯಿದೆಯನ್ನು ಎತ್ತಿಹಿಡಿಯಿತು.

ಹೀಗೆ ಹೆಣೆದ ಬಲೆಯಲ್ಲಿ ಬಿದ್ದವರು ಯಾರು? ವೀರಪ್ಪನ್ ಕಾಡಿನೊಳಗಿದ್ದ. ಅವನು ಸಿಗಲಿಲ್ಲ. ಸಿಕ್ಕಿದವರು ಮನೆಯಲ್ಲಿದ್ದವರು, ಹೊಲದಲ್ಲಿದ್ದವರು, ದನ ಮೇಯಿಸಲು ಹೋದವರು. ಅವನಿಗೆ ಅಕ್ಕಿಬೇಳೆ ಕೊಟ್ಟರೆಂದು, ದಾರಿ ತೋರಿದರೆಂದು, ಅವನ ಕಡೆಯವರ ನೆಂಟರೆಂದು ಆರೋಪ. ರಾತ್ರಿ ಬಂದೂಕು ಹಿಡಿದು ಬಾಗಿಲು ತಟ್ಟಿದವನಿಗೆ ಊಟವಿಲ್ಲ ಎನ್ನುವ ಧೈರ್ಯ ಯಾರಿಗಿದ್ದೀತು? ಕೊಟ್ಟರೆ ಪೊಲೀಸರು ಬಿಡುವುದಿಲ್ಲ, ಕೊಡದಿದ್ದರೆ ಅವನು ಬಿಡುವುದಿಲ್ಲ. ಗಡಿಯ ಎರಡೂ ಕಡೆಯ ಬಡವರು, ಅವರಲ್ಲಿ ಹೆಂಗಸರೂ ಸೇರಿದಂತೆ, ಮೈಸೂರಿನ ಜೈಲಿಗೆ ಬಂದರು. 1995ರ ಮೇ ತಿಂಗಳಲ್ಲಿ ಟಾಡಾದ ಅವಧಿ ಮುಗಿದು ಕಾಯಿದೆಯೇ ಸತ್ತಿತು. ಆದರೆ ಅದರಡಿ ದಾಖಲಾದ ಮೊಕದ್ದಮೆಗಳು ಸಾಯಲಿಲ್ಲ. ಸತ್ತ ಕಾಯಿದೆಯ ಕೈದಿಗಳು ಜೈಲಿನಲ್ಲೇ ಉಳಿದರು.

ಆ ಕೈದಿಗಳ ನೆನಪು ನಾಡಿಗೆ ಬಂದದ್ದು 2000ದ ಜುಲೈ 30ರ ನಂತರ. ಆ ರಾತ್ರಿ ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ಟಾಡಾ ಕೈದಿಗಳನ್ನು ಬಿಡಬೇಕೆಂಬುದು ಅವನ ಬೇಡಿಕೆಗಳಲ್ಲಿ ಒಂದು. ಇಡೀ ನಾಡು ಉಸಿರು ಬಿಗಿಹಿಡಿದು ಕುಳಿತಿತ್ತು. ಅಷ್ಟು ವರ್ಷ 'ಇವರು ಹೊರಬಂದರೆ ಅಪಾಯ' ಎನ್ನುತ್ತಿದ್ದ ಸರಕಾರವೇ ಈಗ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಮುಂದಾಯಿತು. ಮೈಸೂರಿನ ವಿಶೇಷ ನ್ಯಾಯಾಲಯ ಅದಕ್ಕೆ ಅನುಮತಿಯನ್ನೂ ಕೊಟ್ಟಿತು.

ಆಗ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದು ಒಬ್ಬ ವೃದ್ಧ ತಂದೆ. ಮಿಣ್ಯಂನಲ್ಲಿ ಮಡಿದ ಶಕೀಲ್ ಅಹ್ಮದ್ ಅವರ ತಂದೆ. ರಾಜ್‌ಕುಮಾರ್ ಇನ್ನೂ ಕಾಡಿನಲ್ಲಿದ್ದಾಗ ಹೀಗೊಂದು ಅರ್ಜಿ ಹಾಕಲು ಎಷ್ಟು ಎದೆಗಾರಿಕೆ ಬೇಕೆಂಬುದು ಆ ದಿನಗಳನ್ನು ಕಂಡವರಿಗೆ ಗೊತ್ತು. 2000ದ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಮೊಕದ್ದಮೆ ಹಿಂತೆಗೆತವನ್ನು ರದ್ದುಪಡಿಸಿ ಸರಕಾರಗಳನ್ನು ಕಟುವಾಗಿ ಟೀಕಿಸಿತು. ಅದಾಗಿ ಎಂಟು ದಿನಕ್ಕೆ, 108 ದಿನಗಳ ಸೆರೆಯ ನಂತರ, ರಾಜ್‌ಕುಮಾರ್ ಸುಖವಾಗಿ ಮನೆಗೆ ಮರಳಿದರು.

ಮೇಲ್ನೋಟಕ್ಕೆ ಈ ತಂದೆ ಒಂದು ಕಡೆ, ಜೈಲಿನಲ್ಲಿದ್ದ ಬಡವರು ಇನ್ನೊಂದು ಕಡೆ. ನಿಧಾನವಾಗಿ ಯೋಚಿಸಿದರೆ ಇಬ್ಬರಿಗೂ ಬೇಕಾಗಿದ್ದದ್ದು ಒಂದೇ: ಸರಿಯಾದ ವಿಚಾರಣೆ. ಮಗನನ್ನು ಕೊಂದವರು ಯಾರೆಂದು ನ್ಯಾಯಾಲಯದಲ್ಲಿ ತೀರ್ಮಾನವಾಗಲಿ ಎಂಬುದು ತಂದೆಯ ಹಕ್ಕು. ತಾನು ಕೊಂದಿಲ್ಲವೆಂದು ನ್ಯಾಯಾಲಯದಲ್ಲಿ ತೋರಿಸಿಕೊಳ್ಳುವುದು ಕೈದಿಯ ಹಕ್ಕು. ಇಬ್ಬರಿಗೂ ವರ್ಷಗಟ್ಟಲೆ ಅದು ಸಿಗಲಿಲ್ಲ. ತಪ್ಪು ಸಾಬೀತಾಗದೆ ಒಳಗಿಡುವ ಅಧಿಕಾರ ಯಾರಿಗಿದೆಯೋ, ಬೇಕೆನಿಸಿದಾಗ ಆ ಕೈದಿಗಳನ್ನು ಚೌಕಾಸಿಗೆ ಇಡುವ ಅಧಿಕಾರವೂ ಅವರಿಗೇ ಬರುತ್ತದೆ. ಒಳಗಿಟ್ಟದ್ದರಲ್ಲೂ ನ್ಯಾಯವಿರಲಿಲ್ಲ, ಬಿಡಲು ಹೊರಟದ್ದರಲ್ಲೂ ಇರಲಿಲ್ಲ.

ತೀರ್ಪು ಬಂದದ್ದು 2001ರಲ್ಲಿ. ಆರೋಪಿಗಳಲ್ಲಿ ಬಹುಪಾಲು ಜನರನ್ನು ಮೈಸೂರಿನ ನ್ಯಾಯಾಲಯ ಖುಲಾಸೆ ಮಾಡಿತು. ಶಿಕ್ಷೆಯಾದದ್ದು ಕೆಲವರಿಗೆ ಮಾತ್ರ. ಜೀವಾವಧಿ ಶಿಕ್ಷೆಯನ್ನು ಪ್ರಶ್ನಿಸಿ ಹೋದ ನಾಲ್ವರಿಗೆ 2004ರಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆ ವಿಧಿಸಿತು. ಕ್ಷಮಾದಾನದ ಅರ್ಜಿ ವರ್ಷಾನುಗಟ್ಟಲೆ ಕೊಳೆತದ್ದರಿಂದ 2014ರಲ್ಲಿ ಅದೇ ನ್ಯಾಯಾಲಯ ಅದನ್ನು ಜೀವಾವಧಿಗೆ ಇಳಿಸಿತು. ಖುಲಾಸೆಯಾದವರಿಗೆ ಕಳೆದುಹೋದ ವರ್ಷಗಳನ್ನು ಯಾರು ಹಿಂದಿರುಗಿಸಬೇಕು?

ವೀರಪ್ಪನ್ ಬೇಟೆಗೆಂದು ರಚಿಸಿದ ಕಾರ್ಯಪಡೆಗಳ ಮೇಲಿನ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಅಕ್ರಮ ಬಂಧನ, ವಿದ್ಯುತ್ ಶಾಕ್, ಹೆಂಗಸರ ಮೇಲಿನ ದೌರ್ಜನ್ಯದ ಹೇಳಿಕೆಗಳು ಅದರ ಮುಂದೆ ಬಂದವು. ಮಹದೇಶ್ವರ ಬೆಟ್ಟದ ಕ್ಯಾಂಪಿನಲ್ಲಿದ್ದ ಚಿತ್ರಹಿಂಸೆಯ ಜಾಗಕ್ಕೆ 'ವರ್ಕ್‌ಶಾಪ್' ಎಂಬ ಹೆಸರಿತ್ತೆಂದು ಹೇಳಿದವರಿದ್ದಾರೆ. 2007ರಲ್ಲಿ ಆಯೋಗ 89 ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಶಿಫಾರಸು ಮಾಡಿತು.

ಹಾಗಾದರೆ ವೀರಪ್ಪನ್ ಹೇಗೆ ಮುಗಿದ? 2004ರ ಅಕ್ಟೋಬರ್ 18ರ ರಾತ್ರಿ, ಧರ್ಮಪುರಿ ಜಿಲ್ಲೆಯಲ್ಲಿ, ಪೊಲೀಸರ ಕಡೆಯವರೇ ಓಡಿಸುತ್ತಿದ್ದ ಆಂಬುಲೆನ್ಸಿನಲ್ಲಿ ಕಾಡಿನಿಂದ ಹೊರಬಂದಾಗ ತಮಿಳುನಾಡು ಕಾರ್ಯಪಡೆಯ ಗುಂಡಿಗೆ ಬಲಿಯಾದ. ಅವನನ್ನು ಹೊರಗೆ ತಂದದ್ದು ತಾಳ್ಮೆಯ ಗುಪ್ತಚರ ಕೆಲಸ. ಟಾಡಾ ಸತ್ತು ಆಗ ಒಂಬತ್ತು ವರ್ಷ ಕಳೆದಿತ್ತು.

ಇದು ಒಂದು ಬೆಟ್ಟದ ಸುತ್ತಿನ ಕಥೆ ಮಾತ್ರವಲ್ಲ. ದೇಶದಲ್ಲಿ ಟಾಡಾ ಅಡಿ ಬಂಧಿತರಾದವರು 76,000ಕ್ಕೂ ಹೆಚ್ಚು. ಶಿಕ್ಷೆಯಾದವರು ನೂರಕ್ಕೆ ಇಬ್ಬರೂ ಇಲ್ಲ. ಪಂಜಾಬಿನಲ್ಲಿ ಸಿಖ್ಖರು, ಮುಂಬೈ, ಗುಜರಾತಿನಲ್ಲಿ ಮುಸ್ಲಿಮರು, ನಮ್ಮ ಗಡಿಯಲ್ಲಿ ತಮಿಳು ಮಾತಾಡುವ ಬಡ ರೈತರು ಈ ಕಾಯಿದೆಯ ರುಚಿ ಕಂಡರು. ಟಾಡಾ ಹೋಗಿ 2002ರಲ್ಲಿ ಪೋಟಾ ಬಂತು, 2004ರಲ್ಲಿ ಅದೂ ಹೋಯಿತು. ಜಾಮೀನಿಗೆ ಅಡ್ಡಗೋಡೆ ಕಟ್ಟುವ ನಿಯಮ 2008ರಲ್ಲಿ ಯುಎಪಿಎ ಕಾಯಿದೆಯೊಳಗೆ ಸೇರಿಕೊಂಡಿತು. ಎಸ್.ಪಿ. ದರ್ಜೆಯ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆ ನಮ್ಮದೇ ರಾಜ್ಯದ ಸಂಘಟಿತ ಅಪರಾಧ ನಿಯಂತ್ರಣ ಕಾಯಿದೆಯಲ್ಲಿ ಬದುಕಿದೆ. 2017ರಲ್ಲಿ ಗೌರಿ ಲಂಕೇಶ್ ಅವರನ್ನು ಕೊಂದ ಆರೋಪಿಗಳ ಮೇಲೆ ಹೂಡಿದ್ದೂ ಅದೇ ಕಾಯಿದೆ. ನಮಗಾಗದವರ ಮೇಲೆ ಬಿದ್ದಾಗ ಕಠಿಣ ಕಾಯಿದೆ ಕಹಿಯೆನಿಸುವುದಿಲ್ಲ. ಅದರ ಪರೀಕ್ಷೆಯಾಗಬೇಕಾದದ್ದು ಅಲ್ಲಿಯೇ.

ಕಳ್ಳನನ್ನು ಹಿಡಿಯಬೇಡಿ ಎಂದು ಯಾರೂ ಹೇಳುವುದಿಲ್ಲ. ಮಡಿದ ಪೊಲೀಸರ ಮನೆಗಳಲ್ಲೂ ತಾಯಂದಿರಿದ್ದಾರೆ. ಆದರೆ ಸುರಕ್ಷತೆಗಾಗಿ ಸ್ವಾತಂತ್ರ್ಯವನ್ನು ಒತ್ತೆಯಿಡೋಣ ಎನ್ನುವವರು ಒಂದು ವಿಷಯ ಗಮನಿಸಬೇಕು. ನಾವು ಒತ್ತೆಯಿಡುವುದು ಬಹುತೇಕ ನಮ್ಮ ಸ್ವಾತಂತ್ರ್ಯವನ್ನಲ್ಲ, ಕಾಡಂಚಿನ ಯಾವುದೋ ಗುಡಿಸಲಿನಲ್ಲಿ ಮಲಗಿರುವವನದನ್ನು. ಅವನನ್ನು ನಾವು ಕೇಳಿರುವುದೂ ಇಲ್ಲ.