ಅಡುಗೆಮನೆಯ ಪ್ರಶ್ನೆಗಳು, ಕನ್ನಡದ ಉತ್ತರಗಳು



ಇತಿಹಾಸದ ಉಪನ್ಯಾಸವೆಂದೊಡನೆ ಕದಂಬರನ್ನೋ ಹೊಯ್ಸಳರನ್ನೋ ನೀವು ನಿರೀಕ್ಷಿಸಿರಬಹುದು. ಇಂದು ನಾವು ಆರಿಸಿಕೊಂಡಿರುವ ವಸ್ತು ಅಷ್ಟು ದೊಡ್ಡದಲ್ಲ. ಮನೆಯಲ್ಲಿ ದಿನನಿತ್ಯ ಏಳುವ ಸಣ್ಣ ಪ್ರಶ್ನೆಗಳಿಗೆ ಕನ್ನಡ ಭಾಷೆ ಎಂದಿನಿಂದ, ಯಾರ ಮೂಲಕ ಉತ್ತರ ಹೇಳುತ್ತ ಬಂದಿದೆ ಎಂಬುದೇ ಆ ವಸ್ತು. ಇದನ್ನು ಆರಿಸಿಕೊಳ್ಳಲು ಕಾರಣವಾದದ್ದು ನಮ್ಮದೇ ಮನೆಯ ಒಂದು ಪ್ರಸಂಗ.

ಕೆಲವು ವರ್ಷಗಳ ಹಿಂದೆ, ಜನವರಿಯ ಕೊರೆಯುವ ಚಳಿಯಲ್ಲಿ, ನಮ್ಮ ತಾಯಿಯವರು ಮೈಸೂರಿನಿಂದ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದಿದ್ದರು. ಕಾಲುಚೀಲ ಹಾಕಿಕೊಂಡು ಕಾರ್ಪೆಟ್ಟಿನ ಮೇಲೆ ನಡೆದುಹೋಗಿ ಬಾಗಿಲಿನ ಲೋಹದ ಹಿಡಿಯನ್ನು ಮುಟ್ಟಿದವರು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡರು. ಏಳು ವರ್ಷದ ನಮ್ಮ ಮಗಳು, “ಅಜ್ಜಿಗೆ ಬಾಗಿಲು ಯಾಕೆ ಕಚ್ಚಿತು?” ಎಂದು ಕೇಳಿದಳು. ನಾವು ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳಿದೆವು. ಅವಳಿಗೆ ತೃಪ್ತಿಯಾಯಿತು. ಆಗ ತಾಯಿಯವರು, “ಏನಂತಪ್ಪಾ? ನನಗೂ ಹೇಳು” ಎಂದರು. ಭೌತವಿಜ್ಞಾನದಲ್ಲಿ ಪದವಿ ಪಡೆದ ನಮ್ಮ ಬಾಯಿಂದ ಒಂದು ಕನ್ನಡ ವಾಕ್ಯವೂ ಹೊರಡಲಿಲ್ಲ. “ಏನಿಲ್ಲಮ್ಮ, ಇಲ್ಲಿಯ ಹವಾ ಹಾಗೆ” ಎಂದು ಜಾರಿಕೊಂಡೆವು.

ಅದೇ ವಾರ ಇನ್ನೊಂದು ಪ್ರಶ್ನೆ ಎದುರಾಯಿತು. ತಾಯಿಯವರು ಸೀರೆಗಳ ನಡುವೆ ಸುತ್ತಿ ಜೋಪಾನವಾಗಿ ತಂದಿದ್ದ ಮಿಕ್ಸಿಯನ್ನು ಇಲ್ಲಿಯ ಗೋಡೆಗೆ ಚುಚ್ಚಿದರೆ, ಅದು ಸಣ್ಣಗೆ ಗೊಣಗಿತೇ ಹೊರತು ಕಾಯಿಚಟ್ನಿಯನ್ನು ಅರೆಯಲಿಲ್ಲ. ಊರಿನ ವಿದ್ಯುತ್ತಿಗೂ ಇಲ್ಲಿಯ ವಿದ್ಯುತ್ತಿಗೂ ಏನು ವ್ಯತ್ಯಾಸ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ನಮ್ಮ ಇತಿಹಾಸದ ಮೊದಲ ಪುಟವೇ ತೆರೆದುಕೊಳ್ಳುತ್ತದೆ.

ತೊಗರಿಬೇಳೆ, ಹುಣಿಸೆಹಣ್ಣುಗಳಿಗಾಗಿ ನಮ್ಮಲ್ಲಿ ಅನೇಕರು ಎಡಿಸನ್ ಪಟ್ಟಣದ ಓಕ್ ಟ್ರೀ ರಸ್ತೆಗೆ ಹೋಗುತ್ತೇವೆ. ಥಾಮಸ್ ಆಲ್ವಾ ಎಡಿಸನ್ 1876ರಲ್ಲಿ ತನ್ನ ಪ್ರಯೋಗಶಾಲೆಯನ್ನು ಸ್ಥಾಪಿಸಿದ ಮೆನ್ಲೋ ಪಾರ್ಕ್ ಇರುವುದು ಇದೇ ಪಟ್ಟಣದ ಎಲ್ಲೆಯೊಳಗೆ. ಪಟ್ಟಣವು 1954ರಲ್ಲಿ ಅವನ ಹೆಸರನ್ನು ಧರಿಸಿತು. 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಬೀದಿಯ ಕೇಂದ್ರದಿಂದ ಆತ ವಿದ್ಯುತ್ ಸರಬರಾಜನ್ನು ಆರಂಭಿಸಿದಾಗ, ಅವನ ಇಂಗಾಲದ ಎಳೆಯ ದೀಪಗಳಿಗೆ ಹೊಂದುವಂತೆ ಸುಮಾರು 110 ವೋಲ್ಟುಗಳನ್ನು ಆರಿಸಿಕೊಂಡ. ಅಮೆರಿಕದ ಮನೆಗಳಲ್ಲಿ ಆ ಕ್ರಮ ಬೇರೂರಿತು. ಇಂದಿನ 120 ವೋಲ್ಟ್ ಅದರದೇ ಮುಂದುವರಿಕೆ. ಯೂರೋಪಿನವರು ಮುಂದೆ 220 ವೋಲ್ಟಿನ ಕಡೆಗೆ ಸರಿದರು, ಏಕೆಂದರೆ ಅಷ್ಟೇ ದಪ್ಪದ ತಾಮ್ರದ ತಂತಿಯಲ್ಲಿ ಹೆಚ್ಚು ಶಕ್ತಿಯನ್ನು ಸಾಗಿಸಬಹುದಾಗಿತ್ತು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತಕ್ಕೂ ಆ ಹೆಚ್ಚಿನ ವೋಲ್ಟೇಜಿನ ಪದ್ಧತಿಯೇ ಬಂತು. ಊರಿನ ಮಿಕ್ಸಿಗೆ ಇಲ್ಲಿ ಸಿಗುವುದು ಅದು ಬಯಸುವುದರ ಅರ್ಧ ವೋಲ್ಟೇಜು. ಹಾಗಾಗಿಯೇ ಆ ಗೊಣಗಾಟ. ವೋಲ್ಟೇಜನ್ನು ಏರಿಸುವ ಸರಿಯಾದ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಇದ್ದರೆ ಅದು ಎಂದಿನಂತೆ ಅರೆಯುತ್ತದೆ. ಇಲ್ಲಿಯ ಮಿಕ್ಸಿಯನ್ನು ಊರಿಗೆ ಒಯ್ದು ನೇರವಾಗಿ ಚುಚ್ಚಿದರೆ ಮಾತ್ರ ಅದು ಸುಟ್ಟೇ ಹೋಗುತ್ತದೆ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಎಡಿಸನ್ನನ ಉದ್ಯಮಗಳು 1892ರಲ್ಲಿ ಇತರ ಸಂಸ್ಥೆಯೊಡನೆ ಸೇರಿ ಜನರಲ್ ಎಲೆಕ್ಟ್ರಿಕ್ ಕಂಪನಿಯಾಯಿತು. ಅದರ ಮುಖ್ಯ ಕಾರ್ಖಾನೆ ಇದ್ದುದು ಇದೇ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ. ಕಾವೇರಿಯ ಶಿವನಸಮುದ್ರದಲ್ಲಿ ಮೈಸೂರು ಸಂಸ್ಥಾನವು ಜಲವಿದ್ಯುತ್ ಕೇಂದ್ರವನ್ನು ಕಟ್ಟಲು ನಿರ್ಧರಿಸಿದಾಗ ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಆ ಕಂಪನಿಯೇ. 1902ರ ಜೂನ್‌ನಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಯೋಜನೆಗಾಗಿ ಶ್ರಮಿಸಿದ ದಿವಾನ್ ಶೇಷಾದ್ರಿ ಅಯ್ಯರ್ ಅದಾಗಲೇ, 1901ರಲ್ಲಿ, ತೀರಿಕೊಂಡಿದ್ದರು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ನಾವು ಇಲ್ಲಿಗೆ ಬರುವುದಕ್ಕೆ ಬಹಳ ಹಿಂದೆಯೇ ನ್ಯೂಯಾರ್ಕಿನ ಯಂತ್ರಗಳು ಕನ್ನಡ ನಾಡಿಗೆ ಹೋಗಿದ್ದವು.

ದೀಪ ಬಂತು, ಅದರ ಹಿಂದೆಯೇ ಪ್ರಶ್ನೆಗಳೂ ಬಂದಿರಬೇಕು. ಎಣ್ಣೆಯಿಲ್ಲದೆ ಬುರುಡೆ ಹೇಗೆ ಉರಿಯುತ್ತದೆ? ತಂತಿಯೊಳಗೆ ಹರಿಯುವುದೇನು? ಇವಕ್ಕೆ ಉತ್ತರ ಬಲ್ಲವರು ಇಂಗ್ಲಿಷಿನಲ್ಲಿ ಓದಿದವರು. ಕೇಳುವವರು ಕನ್ನಡ ಮಾತ್ರ ಬಲ್ಲವರು. ನಡುವೆ ಸೇತುವೆ ಇರಲಿಲ್ಲ.

ಆ ಸೇತುವೆಗೆ ಮೊದಲ ಕಲ್ಲುಗಳನ್ನಿಟ್ಟವರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಅಗ್ರಗಣ್ಯರು. ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿ ಮೂರು ವರ್ಷ, ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿ ಎರಡು ವರ್ಷ ಆಗಿದ್ದ ಕಾಲವದು. ಪತ್ರಿಕೆ ಬಾಳಿದ್ದು ಸುಮಾರು ಎರಡು ವರ್ಷ ಮಾತ್ರ. ಆದರೆ ಅದು ತೋರಿಸಿದ ದಾರಿ ಅಳಿಯಲಿಲ್ಲ. ವೆಂಕಟನಾರಣಪ್ಪನವರೇ ಮುಂದೆ ಪಂಪಭಾರತವನ್ನು ಸಂಪಾದಿಸಿದರು. 1931ರಲ್ಲಿ ಅದನ್ನು ಪರಿಷತ್ತು ಪ್ರಕಟಿಸಿತು. ಭೌತವಿಜ್ಞಾನವೂ ಪಂಪನೂ ಒಂದೇ ಮೇಜಿನ ಮೇಲೆ ಇರಬಲ್ಲವೆಂದು ಆ ಹಿರಿಯರು ತಮ್ಮ ಬಾಳಿನಲ್ಲೇ ತೋರಿಸಿದರು.

ಎರಡನೆಯ ಹೆಜ್ಜೆ ಕರಾವಳಿಯಿಂದ ಬಂತು. ಶಿವರಾಮ ಕಾರಂತರು ವಿಜ್ಞಾನದ ಪದವೀಧರರಲ್ಲ. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದವರು. ಪುತ್ತೂರಿನಲ್ಲಿ ನೆಲೆಸಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸುತ್ತಿದ್ದ ಅವರು 1936ರಲ್ಲಿ ‘ಬಾಲಪ್ರಪಂಚ’ ಎಂಬ ಮಕ್ಕಳ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ಒಬ್ಬರೇ ಬರೆದು ಕೊಟ್ಟರು. 1959ರಿಂದ 1964ರವರೆಗೆ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಹೊರತಂದರು. ಬಲ್ಲವನು ಮಾತ್ರ ಬರೆಯಬೇಕೆಂದು ಅವರು ಕಾಯುತ್ತ ಕೂರಲಿಲ್ಲ. ತಾವೇ ಕೇಳಿಕೊಂಡರು, ಓದಿ ತಿಳಿದರು, ತಿಳಿದದ್ದನ್ನು ಕನ್ನಡದಲ್ಲಿ ಹೇಳಿದರು. ನಮ್ಮಂಥ ತಂದೆ ತಾಯಿಗಳಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಬೇಕೇ?

ಮೂರನೆಯವರು ನೇರವಾಗಿ ನಮ್ಮ ಊಟದ ಎಲೆಗೇ ಬಂದರು. ಡಿ.ವಿ.ಜಿ.ಯವರ ಮಗ, ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ಅಮೆರಿಕದ ಹಾರ್ವರ್ಡ್‌ನಲ್ಲಿ ಸಂಶೋಧನೆ ನಡೆಸಿದವರು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಅವರ ಪುಸ್ತಕದ ಹೆಸರೇ ಒಂದು ಪಾಠ. ನಮ್ಮ ಸಾರಿನ ಮೆಣಸಿನಕಾಯಿ, ಪಲ್ಯದ ಆಲೂಗೆಡ್ಡೆ, ಗೊಜ್ಜಿನ ಟೊಮೆಟೊ ಎಲ್ಲವೂ ಅಮೆರಿಕ ಖಂಡಗಳ ಮೂಲದವು. ಕೊಲಂಬಸನ ಯಾನದ ನಂತರ ಪೋರ್ಚುಗೀಸರೇ ಮೊದಲಾದವರ ಹಡಗುಗಳಲ್ಲಿ ನಮ್ಮಲ್ಲಿಗೆ ಬಂದವು. ಅದಕ್ಕೆ ಮೊದಲು ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದುದು ಕಾಳುಮೆಣಸು. ಅದರ ಹೆಸರನ್ನೇ ಹೊಸ ಕಾಯಿಗೂ ಕೊಟ್ಟು ನಾವು ಅದನ್ನು ನಮ್ಮದಾಗಿಸಿಕೊಂಡೆವು. ಪರದೇಶಕ್ಕೆ ಬಂದು ಬೇರೂರಿರುವ ನಾವು ಈ ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಇದರ ಜೊತೆಜೊತೆಗೇ ಸಂಸ್ಥೆಗಳೂ ಬೆಳೆದವು. ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಮರಳಿದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ, ಪ್ರಶ್ನಿಸುವ ಮನೋಭಾವವನ್ನೇ ಬಾಳಿನ ವ್ರತವಾಗಿಸಿಕೊಂಡರು. 1970ರ ದಶಕದಲ್ಲಿ ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಹೊರಬರತೊಡಗಿತು. 1978ರಲ್ಲಿ ಮಕ್ಕಳಿಗಾಗಿ ‘ಬಾಲವಿಜ್ಞಾನ’ ಮಾಸಪತ್ರಿಕೆ ಆರಂಭವಾಯಿತು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪನೆಯಾಯಿತು. ಜೆ.ಆರ್. ಲಕ್ಷ್ಮಣರಾವ್, ಜಿ.ಟಿ. ನಾರಾಯಣರಾವ್ ಮುಂತಾದವರ ಲೇಖನಿಯಲ್ಲಿ ವಿಜ್ಞಾನದ ಕನ್ನಡ ಹದಗೊಂಡಿತು. ಹಳ್ಳಿಯ ಶಾಲೆಯ ಮಗುವಿಗೂ ಕಾಮನಬಿಲ್ಲಿನ ಕಾರಣವನ್ನು ತನ್ನ ಮಾತಿನಲ್ಲಿ ಓದುವುದು ಸಾಧ್ಯವಾಯಿತು.

ಈ ಕೆಲಸ ಅಲ್ಲಿ ನಡೆಯುತ್ತಿದ್ದ ಕಾಲದಲ್ಲೇ ನಮ್ಮವರು ಇಲ್ಲಿಗೆ ಬರತೊಡಗಿದ್ದರು. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಅವರು ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆಯ ಬುಡದಲ್ಲಿ ಕುಳಿತು ಹೊಸ ವಲಸೆ ಕಾನೂನಿಗೆ ಸಹಿ ಮಾಡಿದ ಮೇಲೆ ವೈದ್ಯರು, ಎಂಜಿನಿಯರುಗಳು, ವಿಜ್ಞಾನಿಗಳು ಹೆಚ್ಚು ಹೆಚ್ಚಾಗಿ ಬಂದರು. ಇಲ್ಲಿರುವ ವಿಪರ್ಯಾಸವನ್ನು ಗಮನಿಸಿ. ವಿಜ್ಞಾನದ ಬಲದಿಂದಲೇ ಇಲ್ಲಿಗೆ ಬಂದವರು ನಾವು. ಆದರೆ ನಮ್ಮ ಮನೆಗಳ ಕನ್ನಡದಲ್ಲಿ ಉಳಿದಿರುವುದು “ಊಟ ಮಾಡು”, “ಬೇಗ ಮಲಗು”, “ಕೋಟು ಹಾಕಿಕೋ” ಎಂಬ ಆಜ್ಞೆಗಳು. “ಏಕೆ?” ಎಂದು ಕೇಳಿದೊಡನೆ ನಾವು ಭಾಷೆ ಬದಲಿಸುತ್ತೇವೆ. ಮಗು ಇದನ್ನು ಬಹು ಬೇಗ ಗ್ರಹಿಸುತ್ತದೆ. ಕನ್ನಡವೆಂದರೆ ವಿಧೇಯತೆಯ ಭಾಷೆ, ಇಂಗ್ಲಿಷೆಂದರೆ ವಿಚಾರದ ಭಾಷೆ ಎಂದು ಅದು ತೀರ್ಮಾನಿಸಿಬಿಟ್ಟರೆ, ಆಮೇಲೆ ನಾವು ಎಷ್ಟು ಯುಗಾದಿಗಳನ್ನು ಆಚರಿಸಿದರೂ ಪ್ರಯೋಜನವೇನು?

ಉತ್ತರಗಳು ಕಷ್ಟವಲ್ಲ. ಒಂದೆರಡನ್ನು ನೋಡೋಣ.

ಚಳಿಗಾಲದಲ್ಲಿ ಮೊಸರು ಏಕೆ ಹೆಪ್ಪುಗಟ್ಟುವುದಿಲ್ಲ? ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಹುಳಿಯಾಗಿಸುತ್ತವೆ. ಆ ಹುಳಿಗೆ ಹಾಲಿನ ಪ್ರೋಟೀನು ಗಟ್ಟಿಗೊಳ್ಳುತ್ತದೆ. ಅವು ಚುರುಕಾಗಿರುವುದು ಸುಮಾರು 40 ಡಿಗ್ರಿ ಸೆಲ್ಸಿಯಸ್, ಅಂದರೆ 104 ಫ್ಯಾರನ್‌ಹೀಟ್ ಉಷ್ಣತೆಯಲ್ಲಿ. ನಮ್ಮ ಅಡುಗೆಮನೆಯ 68 ಡಿಗ್ರಿಯಲ್ಲಿ ಅವು ತೂಕಡಿಸುತ್ತವೆ. ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ, ಆರಿಸಿದ ಓವೆನ್ನಿನೊಳಗೆ ದೀಪ ಮಾತ್ರ ಹೊತ್ತಿಸಿಟ್ಟರೆ ಬೆಳಗಾಗುವಷ್ಟರಲ್ಲಿ ಗಟ್ಟಿ ಮೊಸರು.

ಇಲ್ಲಿಯ ಹಾಲಿನಲ್ಲಿ ಊರಿನಂತೆ ದಪ್ಪ ಕೆನೆ ಏಕಿಲ್ಲ? ಇಲ್ಲಿ ಮಾರುವ ಹಾಲಿನಲ್ಲಿ ಜಿಡ್ಡಿನ ಕಣಗಳನ್ನು ಒತ್ತಡದಿಂದ ಸಣ್ಣ ರಂಧ್ರಗಳ ಮೂಲಕ ಹಾಯಿಸಿ ನುಚ್ಚುನೂರಾಗಿಸಿರುತ್ತಾರೆ. ಅಷ್ಟು ಸಣ್ಣ ಕಣಗಳು ಸುಲಭವಾಗಿ ಮೇಲೆ ತೇಲಿ ಒಂದುಗೂಡಲಾರವು.

ಬೆಂಗಳೂರಿನಲ್ಲಿ ಮುಚ್ಚಳವಿಲ್ಲದ ಪಾತ್ರೆಯಲ್ಲಿ ಬೇಳೆ ಬೇಯಲು ಹೆಚ್ಚು ಹೊತ್ತೇಕೆ? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ನ್ಯೂಯಾರ್ಕಿನಲ್ಲಿ 100 ಡಿಗ್ರಿ. ಇದಲ್ಲದೆ ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ನ್ಯೂಯಾರ್ಕ್ ನಗರಕ್ಕೆ ಕ್ಯಾಟ್‌ಸ್ಕಿಲ್ ಬೆಟ್ಟಗಳಿಂದ ಬರುವುದು ಮೆದು ನೀರು.

ಇನ್ನು ಕಚ್ಚಿದ ಬಾಗಿಲು. ಹೊರಗಿನ ತಣ್ಣನೆಯ ಗಾಳಿಯಲ್ಲಿ ನೀರಾವಿ ಬಹಳ ಕಡಿಮೆ. ಅದೇ ಗಾಳಿಯನ್ನು ಒಳಗೆ ತಂದು ಬಿಸಿಮಾಡಿದಾಗ ಮನೆ ಒಣಗುತ್ತದೆ. ಕಾಲುಚೀಲ ಕಾರ್ಪೆಟ್ಟಿಗೆ ಉಜ್ಜಿದಾಗ ಮೈಯಲ್ಲಿ ವಿದ್ಯುತ್ತು ಸಂಗ್ರಹವಾಗುತ್ತದೆ. ತೇವದ ಗಾಳಿಯಿದ್ದರೆ ಅದು ಮೆಲ್ಲಗೆ ಸೋರಿಹೋಗುತ್ತಿತ್ತು. ಒಣ ಗಾಳಿಯಲ್ಲಿ ಹಾಗೆಯೇ ಉಳಿದು, ಲೋಹ ಸಿಕ್ಕೊಡನೆ ಕಿಡಿಯಾಗಿ ಹಾರುತ್ತದೆ. ಮೋಡದ ಮಿಂಚಿನ ಮರಿ ಎನ್ನಿ.

ಇಷ್ಟು ವಾಕ್ಯಗಳನ್ನು ಕಟ್ಟಲು ನಮಗೆ ಒಂದು ವಾರ ಬೇಕಾಯಿತು. ಕೊನೆಗೊಂದು ಸಂಜೆ ತಾಯಿಯವರ ಮುಂದೆ ಅವನ್ನು ಒಪ್ಪಿಸಿದೆವು. ಮಗಳೂ ಪಕ್ಕದಲ್ಲಿ ಕುಳಿತು ಕೇಳಿದಳು. ತಾಯಿಯವರು ಎಲ್ಲವನ್ನೂ ಕೇಳಿ, “ಹೆಪ್ಪಿಲ್ಲದಾಗ ನಾವು ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಮೊಸರು ಮಾಡುತ್ತಿದ್ದೆವಲ್ಲ, ಅದರಲ್ಲೂ ಆ ಜೀವಿಗಳು ಇರುತ್ತವೆಯೋ?” ಎಂದು ಮೊಮ್ಮಗಳನ್ನೇ ಕೇಳಿದರು. ಹೌದು, ಗಿಡಗಳ ಮೇಲೂ ಅಂಥ ಜೀವಿಗಳಿರುತ್ತವೆ. ಆದರೆ ಆ ದಿನ ಉತ್ತರಕ್ಕಿಂತ ಮುಖ್ಯವಾದದ್ದು ಬೇರೆ. ಅಜ್ಜಿ ಮೊಮ್ಮಗಳು ಎರಡು ಬಟ್ಟಲು ಹಾಲಿಟ್ಟು, ಒಂದಕ್ಕೆ ಹೆಪ್ಪು, ಇನ್ನೊಂದಕ್ಕೆ ತೊಟ್ಟು ಹಾಕಿ, ಓವೆನ್ನಿನ ಗಾಜಿನ ಮುಂದೆ ಕುಳಿತು ರಾತ್ರಿಯವರೆಗೂ ಕನ್ನಡದಲ್ಲೇ ಹರಟಿದರು. ಆ ಚಳಿಗಾಲದಲ್ಲಿ ಅವರಿಬ್ಬರು ಅಷ್ಟು ಹೊತ್ತು ಮಾತನಾಡಿದ್ದು ಅದೇ ಮೊದಲು.

ಬಂಧುಗಳೇ, ನಮ್ಮ ಮನವಿ ಸಣ್ಣದು. ಕೂಟದ ಪತ್ರಿಕೆಯಲ್ಲಿ ತಿಂಗಳಿಗೊಂದು ಪುಟ ಮಕ್ಕಳ ಪ್ರಶ್ನೆಗಳಿಗೆ ಮೀಸಲಾಗಲಿ. ಪ್ರಶ್ನೆ ಯಾವ ಭಾಷೆಯಲ್ಲಾದರೂ ಬರಲಿ. ಉತ್ತರವನ್ನು ನಮ್ಮಲ್ಲಿರುವ ವೈದ್ಯರು, ಎಂಜಿನಿಯರುಗಳು, ಅನುಭವಿಗಳಾದ ಗೃಹಿಣಿಯರು ಕನ್ನಡದಲ್ಲಿ ಬರೆಯಲಿ. ಸಂಸ್ಕೃತದ ಪಾರಿಭಾಷಿಕ ಪದ ಹೊಳೆಯದಿದ್ದರೆ ಚಿಂತೆಯಿಲ್ಲ. ವೋಲ್ಟನ್ನು ವೋಲ್ಟೆಂದೇ, ಬ್ಯಾಕ್ಟೀರಿಯಾವನ್ನು ಬ್ಯಾಕ್ಟೀರಿಯಾ ಎಂದೇ ಕರೆಯೋಣ. ವಾಕ್ಯ ಕನ್ನಡದ್ದಾಗಿದ್ದರೆ ಸಾಕು. 1918ರಲ್ಲಿ ಬೆಂಗಳೂರಿನ ಅಧ್ಯಾಪಕರು ಅಂದಿನ ಕಷ್ಟಗಳ ನಡುವೆ ಆರಂಭಿಸಿದ್ದನ್ನು ಇಷ್ಟೆಲ್ಲ ಅನುಕೂಲಗಳಿರುವ ನಾವು ಮುಂದುವರಿಸಲಾರೆವೆಂದರೆ ಯಾರೂ ನಂಬುವುದಿಲ್ಲ.